ಹಳೇ ವಿಸಿಡಿ, ಹೊಸ 'ಘಟಶ್ರಾದ್ಧ'



ಊರು ಬಿಟ್ಟು ಬಂದ ನಮಗೆ ಬಹಳ ವರ್ಷ ಕನ್ನಡ ಸಿನಿಮಾ ಅಂದರೆ ವಿಸಿಡಿ. ಒಂದು ಡಿಸ್ಕಿಗೆ ಹಿಡಿಸುತ್ತಿದ್ದುದು ಸುಮಾರು 74 ನಿಮಿಷ. ಒಳ್ಳೇ ಹಾಡಿನ ನಡುವೆಯೇ ಎದ್ದು ಡಿಸ್ಕ್ ಬದಲಿಸಬೇಕು! ಕಪ್ಪು-ಬಿಳುಪು ಚಿತ್ರವಾದರಂತೂ ಕತ್ತಲೆಯ ದೃಶ್ಯವೆಲ್ಲ ಬೂದಿ ಎರಚಿದ ಹಾಗೆ.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಈಗ ಹಾಗಿಲ್ಲ. ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿದ್ದ ಮೂಲ ನೆಗೆಟಿವ್‌ನಿಂದ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಸೇರಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಗರ್ಭಿಣಿ ವಿಧವೆ ಯಮುನೆಯ ಪಾಡನ್ನು ಪುಟ್ಟ ನಾಣಿ ಅರ್ಥವಾಗದೆ ನೋಡುತ್ತಾನಲ್ಲ, ಕತ್ತಲಲ್ಲಿ ಅವನಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟು ಕಾಣಬೇಕು. ಮಸುಕು ಪ್ರತಿಗಳಲ್ಲಿ ಎಸ್. ರಾಮಚಂದ್ರ ಅವರ ಆ ಛಾಯಾಗ್ರಹಣವೇ ಹೋಗಿಬಿಟ್ಟಿರುತ್ತಿತ್ತು.

'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಬಳಿದುಕೊಂಡು ಬಂದವು. ಅಭಿಮಾನಿಗಳಿಗೆ ಹಬ್ಬವೇ, ಇಲ್ಲವೆನ್ನುವುದಿಲ್ಲ. ನನಗೆ ಮಾತ್ರ ಇದ್ದ ಕಪ್ಪು-ಬಿಳುಪನ್ನೇ ತೊಳೆದು ಕೊಟ್ಟದ್ದು ಹೆಚ್ಚು ಹಿಡಿಸಿತು.

ಹಾಗಂತ ಮನೆಯ ಡಿಸ್ಕುಗಳನ್ನು ಗುಜರಿಗೆ ಹಾಕಬೇಡಿ. ನೆಗೆಟಿವ್ ಉಳಿಯದ ಚಿತ್ರಗಳಿಗೆ ಅವೇ ಗತಿ. ಗೀರು ಬೀಳುವ ಮೊದಲು ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ.