ಐಚ್ಛಿಕ ಪಾಠಕ್ರಮದಲ್ಲಿ ಇತಿಹಾಸ ಮತ್ತು ಸಂಸ್ಕೃತಿ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಹತ್ತನೆಯ ಇಯತ್ತೆಯವರೆಗೆ ನಮ್ಮ ನಾಡಿನ ಬಾಲಕಬಾಲಿಕೆಯರು ಸಮಾಜವಿಜ್ಞಾನದ ಅಂಗವಾಗಿ ಇತಿಹಾಸವನ್ನು ಓದುವರಷ್ಟೆ. ಪದವಿಪೂರ್ವ ತರಗತಿಗೆ ಕಾಲಿಟ್ಟೊಡನೆ ಅದು ಐಚ್ಛಿಕ ವಿಷಯವಾಗುವದು. ಕಲಾ ವಿಭಾಗದವರು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳೊಡನೆ ಅದನ್ನು ತೆಗೆದುಕೊಳ್ಳುವರು. ವಾಣಿಜ್ಯ ವಿಭಾಗದ ಕೆಲವರು ಲೆಕ್ಕಶಾಸ್ತ್ರದ ಜೊತೆಗೆ ಓದುವರು. ವಿಜ್ಞಾನವನ್ನು ಹಿಡಿದವರಿಗೋ ಆ ಬಾಗಿಲು ಮುಚ್ಚಿಯೇ ಹೋಗುವದು. ಐಚ್ಛಿಕವೆಂಬ ಶಬ್ದದೊಳಗೆ ಇಚ್ಛೆಯಿರುವದು ನಿಜ. ಆದರೆ ಹದಿನಾರು ವರ್ಷದ ಹುಡುಗನು ತಾನೇ ಇಚ್ಛಿಸಿ ಇತಿಹಾಸವನ್ನು ಆರಿಸಿಕೊಂಡೆನೆಂದರೆ ನೆರೆಮನೆಯವರು ಮೊದಲು ಕೇಳುವದು, ಅವನಿಗೆ ಅಂಕಗಳೆಷ್ಟು ಕಡಿಮೆ ಬಿದ್ದವೆಂಬದನ್ನೇ!

ಈ ಭೇದವು ತಕ್ಕುದಲ್ಲವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿರುವದು. ಕಲೆ ಮತ್ತು ವಿಜ್ಞಾನಗಳ ನಡುವೆ ಕಠಿಣವಾದ ಗೋಡೆ ಇರಕೂಡದೆಂಬದು ಅದರ ಆಶಯ. ಅದಕ್ಕೂ ಮೊದಲು, 2012ರಲ್ಲಿ, ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯವರು ಭಾರತದ ಜ್ಞಾನಪರಂಪರೆಗಳನ್ನು ಕುರಿತ ಒಂದು ಐಚ್ಛಿಕ ಪಾಠಕ್ರಮವನ್ನು ಹನ್ನೊಂದನೆಯ ತರಗತಿಗೆ ತಂದರು. ಅದರಲ್ಲಿ ಖಗೋಳ, ಗಣಿತ, ವೈದ್ಯ, ವಾಸ್ತುಗಳಿಗೂ ಸ್ಥಾನವುಂಟು. ಉದ್ದೇಶವು ಸ್ತುತ್ಯವಾದುದು. ಆದರೆ ಪೂರ್ವಿಕರ ಹೊಗಳಿಕೆಯನ್ನು ಬಾಯಿಪಾಠ ಮಾಡಿಸುವ ಕಾರ್ಯವು ಇಂಥ ಪಾಠಕ್ರಮದ ಹೆಸರಿನಲ್ಲಿ ನುಸುಳದಂತೆ ಉಪಾಧ್ಯಾಯರು ಎಚ್ಚರವಾಗಿರಬೇಕು. ಹೊಗಳುಭಟರ ಕೆಲಸಕ್ಕೆ ಪಾಠಶಾಲೆ ಬೇಕಿಲ್ಲ.

ಹಾಗಾದರೆ ಏನನ್ನು ಕಲಿಸಬೇಕು? ಒಂದು ದೃಷ್ಟಾಂತವನ್ನು ವಿಸ್ತರಿಸಿ ಹೇಳುವೆನು. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಮೇಗುತಿ ಎಂಬ ಜಿನಾಲಯವುಂಟು. ಅದರ ಗೋಡೆಯ ಮೇಲೆ ರವಿಕೀರ್ತಿಯೆಂಬ ಕವಿಯು ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಬರೆಯಿಸಿದನು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ತಾನು ಕಾಳಿದಾಸ ಭಾರವಿಗಳಿಗೆ ಸಮನಾದ ಕೀರ್ತಿವಂತನೆಂದು ಕವಿಯು ಹೇಳಿಕೊಂಡಿರುವನು. ಆ ಆತ್ಮಪ್ರಶಂಸೆಯಿಂದ ನಮಗಾದ ಲಾಭವು ದೊಡ್ಡದು! ಆ ಇಬ್ಬರು ಮಹಾಕವಿಗಳು 634ಕ್ಕಿಂತ ಹಿಂದಿನವರೆಂಬದು ಅದರಿಂದ ನಿಶ್ಚಯವಾಯಿತು. ಹರ್ಷನು ಪುಲಕೇಶಿಗೆ ಸೋತನೆಂದು ಅಲ್ಲಿದೆ. ಹರ್ಷನಿಗೆ ಈ ನಾಡಿನವರನ್ನು ಅಂಕಿತಗೊಳಿಸಲಾಗಲಿಲ್ಲವೆಂದು ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಬರೆದನು. ಎರಡು ಸಾಕ್ಷಿಗಳು ಕೂಡಿದವು. ಇನ್ನು ಪಲ್ಲವರ ಮಾತು. ಅವರ ರಾಜನು ಕಂಚಿಯ ಕೋಟೆಯೊಳಗೆ ಅಡಗಿಕೊಂಡನೆಂದು ರವಿಕೀರ್ತಿಯು ಬರೆದರೆ, ಪಲ್ಲವರ ಕೂರಂ ತಾಮ್ರಶಾಸನವು ನರಸಿಂಹವರ್ಮನೇ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು ಹಾಳುಗೆಡವಿದನೆಂದು ಸಾರುವದು. ಬಾದಾಮಿಯ ಬಂಡೆಯ ಮೇಲೆ ಆ ಪಲ್ಲವನ ಶಾಸನವೂ ಉಂಟು. ಐಹೊಳೆಯ ಕವಿಗೆ ಈ ಪತನವು ತಿಳಿಯದು, ಏಕೆಂದರೆ ಅದು ಅವನ ಬರಹದ ತರುವಾಯ ನಡೆದುದು.

ಪುಲಕೇಶಿಯು ಮಹಾವೀರನೆಂದು ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದವನಿಗೆ ಇದಾವುದೂ ದೊರೆಯಲಾರದು. ಯಾರು ಬರೆದರು, ಯಾವಾಗ ಬರೆದರು, ಯಾರ ಅನ್ನವನ್ನುಂಡು ಬರೆದರು ಎಂದು ಕೇಳಬಲ್ಲ ವಿದ್ಯಾರ್ಥಿಯೇ ಇತಿಹಾಸವನ್ನು ಓದಿದವನು.

ಸಂಸ್ಕೃತಿಯ ಅಧ್ಯಯನವೆಂದರೆ ಹಾಡು ಕುಣಿತಗಳಷ್ಟೇ ಎಂದು ತಿಳಿಯುವವರುಂಟು. ಬೀದರದ ಬಿದರಿ ಕೆಲಸವನ್ನು ನೋಡಿರಿ. ಸತುವು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ತಗಡು ತಂತಿಗಳನ್ನು ಕೂಡಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚುವರು. ಲೋಹವು ಕಾಡಿಗೆಯಂತೆ ಕಪ್ಪಾಗುವದು, ಬೆಳ್ಳಿಯು ಬೆಳ್ಳಗೇ ಉಳಿಯುವದು. ಇದೇಕೆಂದು ರಸಾಯನಶಾಸ್ತ್ರದ ವಿದ್ಯಾರ್ಥಿಯಲ್ಲದೆ ಮತ್ತಾರು ಹೇಳಬೇಕು? ಅವನಿಗೇ ಈ ವಿಷಯವು ನಿಷಿದ್ಧ!

ಇನ್ನು ನಮ್ಮ ಮನೆಯ ಮಾತು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ತಾಡವೋಲೆಗಳನ್ನು ಅರಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸದಿದ್ದರೆ ಶರಣರ ಮಾತುಗಳೆಷ್ಟೋ ಗೆದ್ದಲಿನ ಪಾಲಾಗುತ್ತಿದ್ದವು. ಅವರು ಜಗುಲಿಯ ಮೇಲಿನ ಕಟ್ಟನ್ನು ಪೂಜಿಸಿ ಮರಳಲಿಲ್ಲ, ಬಿಚ್ಚಿ ಓದಿದರು. ನಮ್ಮಲ್ಲಿ ಈಗಲೂ ಬಿಚ್ಚದ ಕಟ್ಟುಗಳಿವೆ.

ಸನ್ನಿಧಿಯಲ್ಲಿ ಒಂದು ಸಂಗತಿಯನ್ನು ವಿನಯದಿಂದ, ಆದರೆ ಮುಚ್ಚುಮರೆಯಿಲ್ಲದೆ ಬಿನ್ನವಿಸಬೇಕಾಗಿದೆ. ಮಠದ ಹಳೆಯ ಕಡತಗಳನ್ನು ಮಕ್ಕಳ ಕೈಗೆ ಕೊಟ್ಟಾಗ, ನಾವು ಪರಂಪರೆಯಿಂದ ಹೇಳಿಕೊಂಡು ಬಂದ ಕಥೆಗಿಂತ ದಾನಪತ್ರದ ತಿಥಿಯು ನೂರು ವರ್ಷ ಈಚಿನದಾಗಿ ಕಂಡರೆ ಏನು ಮಾಡುವದು? ಆಗ ಪತ್ರವನ್ನು ಮರಳಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವದಾದರೆ ಈ ವಿಷಯವನ್ನು ನಮ್ಮ ಶಾಲೆಯಲ್ಲಿ ಆರಂಭಿಸದಿರುವದೇ ಲೇಸು. ಭಕ್ತಿಗೆ ಸ್ಥಳಪುರಾಣವಿರಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ತರಗತಿಯಲ್ಲಿ ಮಾತ್ರ ಪತ್ರದ ತಿಥಿಯೇ ನಿಲ್ಲಬೇಕು. ಗುರುಪರಂಪರೆಯ ಗೌರವವು ಒಂದು ತಿಥಿಯಿಂದ ಕುಂದುವಷ್ಟು ಅಲ್ಪವಾದುದೆಂದು ನಾನು ನಂಬಲಾರೆನು.

ಕಾರಣ ನನ್ನ ಪ್ರಾರ್ಥನೆ ಇಷ್ಟೇ. ಬರುವ ಬೇಸಗೆಯ ರಜೆಯಲ್ಲಿ ಪದವಿಪೂರ್ವ ತರಗತಿಯ ಹತ್ತು ವಿದ್ಯಾರ್ಥಿಗಳನ್ನು, ವಿಜ್ಞಾನ ವಿಭಾಗದವರನ್ನೂ ಕೂಡಿಸಿ, ಆರಿಸಬೇಕು. ಕಡತದ ಪೆಟ್ಟಿಗೆಯನ್ನು ತೆರೆದು ಅವರಿಂದ ಪಟ್ಟಿ ಮಾಡಿಸಬೇಕು. ಕೆಲವು ಕಾಗದಗಳು ಮೋಡಿ ಲಿಪಿಯಲ್ಲಿರುವದರಿಂದ ಅದನ್ನು ಓದಿಸುವದಕ್ಕೆ ವಾರದಲ್ಲಿ ಎರಡು ಸಾಯಂಕಾಲ ಪಾಠಶಾಲೆಯ ಪಡಸಾಲೆಯಲ್ಲಿ ನಾನು ಕುಳಿತಿರುವೆನು.