ಎರೆಯ ಸೀಮೆಯ ತೋಳ



ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿಗಳ ಮೇಲೆ ರಾಮದುರ್ಗದವರೆಗೆ ಪ್ರಯಾಣ ಮಾಡಿದವರಿಗೆ ನಾಡು ಬಣ್ಣ ಬದಲಿಸುವ ಬಗೆ ತಿಳಿದೇ ಇರುವುದು. ಪಡುವಣದಲ್ಲಿ ಮಲೆನಾಡಿನ ಸೆರಗು; ಮೂಡಲಿಗೆ ಸಾಗಿದಂತೆ ಗಿಡಮರಗಳು ವಿರಳವಾಗಿ, ಕಡೆಗೆ ಎರೆಯ ಹೊಲ, ಕಲ್ಲುಗುಡ್ಡಗಳೇ ಕಣ್ಣಿಗೆ ಬೀಳುವುವು. ಇಂತಹ ಬಯಲಿನಲ್ಲಿ ಕಾಡುಮೃಗವನ್ನು ಯಾರು ನಿರೀಕ್ಷಿಸುವರು?

ಸುಗ್ಗಿ ತೀರಿದ ಫಾಲ್ಗುಣದ ಒಂದು ಮುಂಜಾನೆ, ಸವದತ್ತಿಯನ್ನು ದಾಟಿದ ಮೇಲೆ, ಕೂಳೆ ಉಳಿದಿದ್ದ ಜೋಳದ ಹೊಲದಲ್ಲಿ ನಾಯಿಯಂತಹ ಪ್ರಾಣಿಯೊಂದನ್ನು ಕಂಡೆನು. ಕಾಲುಗಳು ನೀಳ; ಬಾಲವು ಸುರುಳಿಯಾಗದೆ ಜೋತುಬಿದ್ದಿತ್ತು; ಮೈ ಒಣಹುಲ್ಲಿನ ಬಣ್ಣ. ಊರನಾಯಿ ಹತ್ತು ಕಡೆ ಮೂಸುತ್ತ ನಡೆಯುವುದು; ಇದು ನೂಲು ಹಿಡಿದಂತೆ ನೇರವಾಗಿ ಸಾಗಿತು. ಒಮ್ಮೆ ನಿಂತು ನನ್ನನ್ನು ನೋಡಿ, ಲೆಕ್ಕಿಸದೆ ಮುಂದೆ ಹೋಯಿತು.

ಹತ್ತಿರದ ದಡ್ಡಿಯಲ್ಲಿದ್ದ ಕುರುಬ ಹಿರಿಯರು, “ನಾಯಿ ಅಲ್ಲರಿ ಅದು, ತ್ವಾಳ. ನಿನ್ನೆ ರಾತ್ರಿ ಎರಡು ಮರಿ ಒಯ್ದೈತಿ” ಎಂದರು. ಹೊಡೆಯಲಿಲ್ಲವೆ ಎಂದು ಕೇಳಿದೆನು. “ಅದಕ್ಕೂ ಹೊಟ್ಟಿ ಐತೆಲ್ಲರಿ. ಆದ್ರ ಮರೀ ರೊಕ್ಕ ನಮಗ್ಯಾರು ಕೊಡ್ತಾರ?” ಈ ಎರಡನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ತೋಳಕ್ಕೆ 1831ರಲ್ಲಿ ಶಾಸ್ತ್ರೀಯ ನಾಮವನ್ನಿಟ್ಟವನು ದಖ್ಖಣದಲ್ಲಿ ಸೇವೆ ಸಲ್ಲಿಸಿದ ಸೈಕ್ಸ್ ಎಂಬ ಸೇನಾಧಿಕಾರಿ. ಆ ಲ್ಯಾಟಿನ್ ಹೆಸರಿಗೆ ‘ಮಾಸಲು ಕಾಲಿನದು’ ಎಂದರ್ಥ. ಆಂಗ್ಲರ ಆಳಿಕೆಯಲ್ಲಿ ಇದನ್ನು ಕೊಂದವರಿಗೆ ಇನಾಮು ದೊರೆಯುತ್ತಿದ್ದಿತು. ದೂರದ ಆಸ್ಟ್ರೇಲಿಯದ ಟ್ಯಾಸ್ಮೇನಿಯದಲ್ಲಿಯೂ ಹೀಗೆಯೇ ಆಯಿತು. ಅಲ್ಲಿ ತೋಳವೆಂದು ಕರೆಯಿಸಿಕೊಂಡದ್ದು ಬೆನ್ನಿನ ಮೇಲೆ ಪಟ್ಟೆಗಳುಳ್ಳ, ಕಾಂಗರೂವಿನಂತೆ ಚೀಲದಲ್ಲಿ ಮರಿ ಹೊರುವ ಜಂತು. ತೋಳದ ಕುಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ! ಕುರಿಗಳ್ಳನೆಂಬ ಆರೋಪ ಹೊರಿಸಿ 1888ರಿಂದ 1909ರವರೆಗೆ ಸರಕಾರವೇ ತಲೆಗೊಂದು ಪೌಂಡು ತೆತ್ತಿತು. ಬಲ್ಲಂತೆ ಕೊನೆಯದು 1936ರಲ್ಲಿ ಹೋಬಾರ್ಟಿನ ಮೃಗಾಲಯದಲ್ಲಿ ಸತ್ತಿತು.

ನಮ್ಮಲ್ಲಿ 1972ರ ಕಾಯಿದೆಯು ತೋಳಕ್ಕೆ ರಕ್ಷಣೆಯಿತ್ತಿದೆ. ಆದರೆ ಅದರ ವಾಸವು ಬಹುಮಟ್ಟಿಗೆ ಅಭಯಾರಣ್ಯಗಳ ಹೊರಗೆ, ಕುರಿ ಮೇಯುವ ಬಯಲಿನಲ್ಲಿಯೇ. ಕಾಡುಮೃಗ ಕೊಂದ ಜಾನುವಾರಿಗೆ ಸರಕಾರದ ಪರಿಹಾರವುಂಟು, ನಿಜ. ಸತ್ತುದರ ಕುರುಹನ್ನು ತೋರಿಸಬೇಕಷ್ಟೆ. ಮರಿಯನ್ನೇ ಹೊತ್ತೊಯ್ದ ಮೇಲೆ ತೋರಿಸುವುದೇನನ್ನು? ಹೊಲದಿಂದ ಹೊಲಕ್ಕೆ ದಡ್ಡಿ ಹಾಕುತ್ತ ಸಾಗುವವರು ಕಚೇರಿಯ ಬಾಗಿಲಲ್ಲಿ ಕಾಯುವುದೆಂದಿಗೆ?

ನಾನು ರಾಮದುರ್ಗದ ದಾರಿ ಹಿಡಿದಾಗ ಹಿರಿಯರು ದಡ್ಡಿಯ ಸುತ್ತ ಜಾಲಿಯ ಮುಳ್ಳನ್ನು ಒಟ್ಟಿಸುತ್ತಿದ್ದರು.