ಸತ್ತ ಸೆಕ್ಷನ್ನಿನ ಕೇಸು

ನೆನಪಿದೆಯಾ ವೀಕ್ಷಕರೇ? 2012ರ ನವೆಂಬರ್, ಮಹಾರಾಷ್ಟ್ರದ ಪಾಲ್ಘರ್. ಬಾಳಾ ಠಾಕ್ರೆ ತೀರಿಕೊಂಡರೆ ಮುಂಬೈ ಯಾಕೆ ಬಂದ್ ಆಗಬೇಕು ಅಂತ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಕೇಳಿದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್. ಬರೀ ಲೈಕಿಗೆ ಸ್ವಾಮಿ!

ಐಟಿ ಕಾಯ್ದೆಯ 66ಎ ಅದು. ಕಿರಿಕಿರಿ ಮಾಡಿದರು ಅನ್ನೋದಕ್ಕೂ ಮೂರು ವರ್ಷದವರೆಗೆ ಜೈಲು. 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮುಗೀತು ಅಂದುಕೊಂಡೆವು. ಎಲ್ಲಿ ಮುಗೀತು? ಆರು ವರ್ಷವಾದರೂ ಅದೇ ಸೆಕ್ಷನ್ನಿನಡಿ ಕೇಸು ಹಾಕುತ್ತಿದ್ದಾರೆಂದು ಕೇಳಿ ನ್ಯಾಯಮೂರ್ತಿಗಳೇ ದಂಗಾದರು. ಕಾನೂನು ಪುಸ್ತಕದಲ್ಲಿ ಸೆಕ್ಷನ್ ಹಾಗೇ ಅಚ್ಚಾಗಿತ್ತಂತೆ, ರದ್ದಾದ ಸುದ್ದಿ ಅಡಿಟಿಪ್ಪಣಿಯಲ್ಲಿ. ಠಾಣೆಯಲ್ಲಿ ಅಡಿಟಿಪ್ಪಣಿ ಯಾರು ಓದ್ತಾರೆ ಹೇಳಿ? 66ಎ ಅಡಿ ಯಾರ ಮೇಲೂ ಕೇಸು ನಡೆಸಬೇಡಿ ಅಂತ 2022ರಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು.

ನಿಮ್ಮ ಮನೆ ಹುಡುಗರ ಮೇಲೆ ಎಫ್‌ಐಆರ್ ಆದರೆ, ಮೊದಲು ಸೆಕ್ಷನ್ ನಂಬರ್ ನೋಡಿ.